ಹಿಡಿದ ಚೆಂಡಿಗೂ ಲೆಕ್ಕ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅಂತರ ಕಾಲೇಜು ಕ್ರೀಡಾಕೂಟವೊಂದರ ಸುದ್ದಿ ಪ್ರಕಟವಾಗಿತ್ತು. ಸಮಗ್ರ ವೀರಾಗ್ರಣಿ ಪ್ರಶಸ್ತಿ ಯಾವ ಕಾಲೇಜಿಗೆ ದೊರೆಯಿತು, ಬಹುಮಾನ ವಿತರಿಸಿದವರು ಯಾರು, ವೇದಿಕೆಯ ಮೇಲೆ ಯಾರ್ಯಾರು ಉಪಸ್ಥಿತರಿದ್ದರು ಎಂಬುದೆಲ್ಲ ಅದರಲ್ಲಿತ್ತು. ಎಣಿಸಿದೆ, ಒಂಬತ್ತು ಗಣ್ಯರ ಹೆಸರುಗಳಿದ್ದವು. ನೂರು ಮೀಟರ್ ಓಟದಲ್ಲಿ ಮೊದಲು ಬಂದ ಹುಡುಗಿಯ ಹೆಸರೂ ಇತ್ತು, ಆದರೆ ಆಕೆ ಎಷ್ಟು ಸೆಕೆಂಡುಗಳಲ್ಲಿ ಓಡಿದಳೆಂಬುದು ಇರಲಿಲ್ಲ. ಉದ್ದ ಜಿಗಿತ ಗೆದ್ದವನು ಎಷ್ಟು ದೂರ ಜಿಗಿದನೆಂಬುದೂ ಇರಲಿಲ್ಲ. ಈ ಸಣ್ಣ ಕೊರತೆಯ ಬಗ್ಗೆ ಬರೆಯಬೇಕೆಂದು ಕುಳಿತಾಗ ನನ್ನ ತಲೆಯಲ್ಲಿ ಸುಳಿದದ್ದು ಅಮೆರಿಕದ ಒಂದು ಸಣ್ಣ ಕಾಲೇಜಿನ ಆಟಗಾರನ ಬದುಕು. ಎಲ್ಲಿಯ ಬಳ್ಳಾರಿ, ಎಲ್ಲಿಯ ಮಿಸಿಸಿಪ್ಪಿ ಎಂದು ತಾವು ನಗಬಹುದು. ಆದರೂ ಪತ್ರವನ್ನು ಪೂರ್ತಿ ಓದಬೇಕೆಂದು ವಿನಂತಿ.

ನಾನು ಸಿರುಗುಪ್ಪ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾದವನು. ಮಗಳು ಅಳಿಯ ಟೆಕ್ಸಾಸಿನಲ್ಲಿದ್ದಾರೆ. ಅವರ ಮನೆಯಲ್ಲಿ ಆರು ತಿಂಗಳು ಇದ್ದಾಗ, ಶನಿವಾರ ಬಂತೆಂದರೆ ಬೀದಿಯ ಎಲ್ಲ ಮನೆಗಳ ಟಿ.ವಿ.ಗಳಲ್ಲಿಯೂ ಕಾಲೇಜು ಹುಡುಗರ ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯುವುದನ್ನು ಕಂಡೆ. ಅಲ್ಲಿ ಶನಿವಾರ ಕಾಲೇಜಿನವರದು, ಭಾನುವಾರ ವೃತ್ತಿಪರರದು. ಮಿಷಿಗನ್ ವಿಶ್ವವಿದ್ಯಾಲಯವೊಂದರ ಕ್ರೀಡಾಂಗಣದಲ್ಲಿಯೇ 1,07,601 ಆಸನಗಳಿವೆ ಎಂದು ಅಳಿಯ ಹೇಳಿದಾಗ ನಾನು ನಂಬದೆ ಎರಡು ಸಲ ಕೇಳಿದೆ. ಮೊದಮೊದಲು ಆ ಆಟ ನನಗೆ ಹೆಲ್ಮೆಟ್ ಹಾಕಿಕೊಂಡವರ ನೂಕಾಟದಂತೆ ಕಂಡಿತು. ತಿಂಗಳು ಕಳೆದ ಮೇಲೆ ಅದರೊಳಗಿನ ಲೆಕ್ಕ ತಿಳಿಯತೊಡಗಿತು.

ಓದುಗರಿಗಾಗಿ ಎರಡು ಮಾತು. ಪ್ರತಿ ತಂಡದಿಂದ ಹನ್ನೊಂದು ಜನ ಆಡುತ್ತಾರೆ. ಮೈದಾನದ ಉದ್ದ ನೂರು ಗಜ, ಎರಡೂ ತುದಿಯಲ್ಲಿ ಹತ್ತು ಹತ್ತು ಗಜಗಳ ಗುರಿಯಂಕಣ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜವಾದರೂ ಮುಂದೆ ಸಾಗಬೇಕು, ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳು ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಗುರಿಯಂಕಣವನ್ನು ಮುಟ್ಟಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಸಾಲಿನ ಅಂಚಿನಲ್ಲಿ, ಗುಂಪಿನಿಂದ ದೂರ ನಿಂತು, ಸನ್ನೆಯಾದೊಡನೆ ಓಡಿ, ಎದುರಾಳಿಯನ್ನು ವಂಚಿಸಿ ಪಕ್ಕಕ್ಕೆ ತಿರುಗಿ, ಗಾಳಿಯಲ್ಲಿ ಬರುವ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ಕಬಡ್ಡಿಯಲ್ಲಿ ರೈಡರ್ ಒಂದು ಕಾಲನ್ನು ಎಡಕ್ಕೆ ಚಾಚಿ ಬಲಕ್ಕೆ ಹಾರುವುದನ್ನು ನೋಡಿದವರಿಗೆ ಈ ವಂಚನೆಯನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವೆಂದರೆ, ಇವನು ಓಡುವ ದಾರಿ ಮೊದಲೇ ಗಜಗಳಲ್ಲಿ ಗೊತ್ತಾಗಿರುತ್ತದೆ. ಹನ್ನೆರಡು ಗಜಕ್ಕೆ ತಿರುಗು ಎಂದಿದ್ದರೆ ಹನ್ನೊಂದಕ್ಕೆ ತಿರುಗುವಂತಿಲ್ಲ, ಏಕೆಂದರೆ ಅವನು ತಿರುಗುವ ಮೊದಲೇ ಚೆಂಡು ಎಸೆದವನ ಕೈ ಬಿಟ್ಟಿರುತ್ತದೆ.

ಈ ಸ್ಥಾನದಲ್ಲಿ ಆಡಿದವರ ಪೈಕಿ ಎಲ್ಲರಿಗಿಂತ ದೊಡ್ಡವರೆಂದು ಬಹುತೇಕರು ಒಪ್ಪುವ ಹೆಸರು ಜೆರ್ರಿ ರೈಸ್. 1962ರ ಅಕ್ಟೋಬರ್ 13ರಂದು ಮಿಸಿಸಿಪ್ಪಿ ರಾಜ್ಯದಲ್ಲಿ ಹುಟ್ಟಿ, ಕ್ರಾಫರ್ಡ್ ಎಂಬ ಪುಟ್ಟ ಊರಿನಲ್ಲಿ ಬೆಳೆದ ಕಪ್ಪು ಜನಾಂಗದ ಹುಡುಗ. ತಂದೆ ಗೌಂಡಿ. ಬೇಸಿಗೆ ರಜೆಯಲ್ಲಿ ಮಕ್ಕಳೂ ತಂದೆಯ ಜೊತೆ ಕೆಲಸಕ್ಕೆ ಹೋಗಬೇಕಿತ್ತು. ಅಟ್ಟಣಿಗೆಯ ಮೇಲೆ ನಿಂತ ಈ ಹುಡುಗ, ಕೆಳಗಿನಿಂದ ಅಣ್ಣತಮ್ಮಂದಿರು ಎಸೆಯುವ ಇಟ್ಟಿಗೆಗಳನ್ನು ಹಿಡಿದು ಹಿಡಿದು ಕೈ ಪಳಗಿಸಿಕೊಂಡನೆಂಬುದು ಆ ದೇಶದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅಳಿಯ ಇದನ್ನು ದೊಡ್ಡ ಅಚ್ಚರಿಯೆಂಬಂತೆ ಹೇಳಿದಾಗ ನನಗೆ ಅಚ್ಚರಿಯೇನೂ ಆಗಲಿಲ್ಲ. ಬಳ್ಳಾರಿಯಲ್ಲಿ ಮಹಡಿ ಕಟ್ಟುವ ಯಾವ ಮನೆಯ ಮುಂದೆ ನಿಂತರೂ, ಕೆಳಗಿನವನು ಜೋಡಿ ಇಟ್ಟಿಗೆ ಎಸೆಯುವುದು, ಮೇಲಿನವನು ಆ ಕಡೆ ನೋಡಿಯೂ ನೋಡದಂತೆ ಹಿಡಿದು ಪಕ್ಕಕ್ಕೆ ಇಡುವುದು ಕಾಣುತ್ತದೆ. ಇಟ್ಟಿಗೆಯನ್ನು ತಪ್ಪಾಗಿ ಹಿಡಿದರೆ ಉಗುರು ಕೀಳುತ್ತದೆ, ಬಿಟ್ಟರೆ ಕೆಳಗಿರುವವನ ತಲೆ ಒಡೆಯುತ್ತದೆ. ಕೈಗೆ ಅದಕ್ಕಿಂತ ಕಟ್ಟುನಿಟ್ಟಾದ ಮೇಷ್ಟ್ರು ಬೇರೆ ಯಾರಿದ್ದಾರೆ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಸಂಗತಿ. ಪ್ರೌಢಶಾಲೆಯಲ್ಲಿದ್ದಾಗ ಒಂದು ದಿನ ತರಗತಿ ತಪ್ಪಿಸಿ ಅಡ್ಡಾಡುತ್ತಿದ್ದ ರೈಸ್, ಉಪ ಪ್ರಾಂಶುಪಾಲರು ಹಿಂದಿನಿಂದ ಬಂದುದನ್ನು ಕಂಡು ಓಟ ಕಿತ್ತನಂತೆ. ಅವರು ಶಿಕ್ಷೆಯನ್ನೇನೋ ಕೊಟ್ಟರು. ಕೊಟ್ಟ ಮೇಲೆ ಫುಟ್‌ಬಾಲ್ ತರಬೇತುದಾರರ ಬಳಿ ಹೋಗಿ, ಈ ಹುಡುಗ ಓಡುವ ವೇಗವನ್ನು ನೀವು ನೋಡಬೇಕು ಎಂದರು. ಹಾಗೆ ಅವನು ತಂಡ ಸೇರಿದ.

ಸಂಪಾದಕರೇ, ಇಂಥದೇ ಒಂದು ಮಧ್ಯಾಹ್ನ ನನ್ನ ಸೇವಾವಧಿಯಲ್ಲಿಯೂ ಬಂದಿತ್ತು. ಊಟದ ಗಂಟೆಯ ನಂತರ ಕಾಂಪೌಂಡು ಹಾರಿ ಓಡಿದ ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ನಾನು ಸೈಕಲ್ ಮೇಲೆ ಬೆನ್ನಟ್ಟಿದೆ. ಕಾಲುವೆಯ ಏರಿಯ ಮೇಲೆ ಬರಿಗಾಲಲ್ಲಿ ಓಡುತ್ತಿದ್ದ ಅವನನ್ನು ಸೈಕಲ್ ಮುಟ್ಟಲಿಲ್ಲ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ ಅವನಿಗೆ ಮೈದಾನದ ಸುತ್ತ ಹತ್ತು ಸುತ್ತು ಓಡುವ ಶಿಕ್ಷೆ ವಿಧಿಸಿದೆ. ಹತ್ತೂ ಸುತ್ತನ್ನು ಒಂದೇ ವೇಗದಲ್ಲಿ ಓಡಿ ಮುಗಿಸಿ, ಏದುಸಿರೂ ಬಿಡದೆ ತರಗತಿಗೆ ಹೋದ. ಸ್ಟಾಪ್‌ವಾಚ್ ಇಪ್ಪತ್ತು ಹೆಜ್ಜೆ ದೂರದ ಬೀರುವಿನಲ್ಲಿತ್ತು. ಅದನ್ನು ತೆಗೆಯಬೇಕೆಂದು ನನಗೆ ಹೊಳೆಯಲಿಲ್ಲ. ಓಟವನ್ನು ಕಲಿಸುವುದಕ್ಕೆ ಸಂಬಳ ಪಡೆಯುತ್ತಿದ್ದ ನಾನು ಅದನ್ನು ದಂಡನೆಯಾಗಿ ಬಳಸಿದೆ, ಅಳೆಯಲಿಲ್ಲ. ಅವನು ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ಬಿಟ್ಟ. ಈಗ ಸುಗ್ಗಿಯಲ್ಲಿ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಾನೆ, ಸಂತೆಯಲ್ಲಿ ಕಂಡರೆ ನಮಸ್ಕಾರ ಸಾರ್ ಎನ್ನುತ್ತಾನೆ. ಅವನು ದೊಡ್ಡ ಓಟಗಾರನಾಗುತ್ತಿದ್ದನೆಂದು ನಾನು ಹೇಳುತ್ತಿಲ್ಲ, ಹೇಳಲು ನನ್ನ ಬಳಿ ಆಧಾರವೇ ಇಲ್ಲ. ನನ್ನ ನೋವೂ ಅದೇ.

ರೈಸ್ ಅವರ ವಿಷಯಕ್ಕೆ ಮರಳುತ್ತೇನೆ. ಶಾಲೆ ಮುಗಿದಾಗ ದೊಡ್ಡ ವಿಶ್ವವಿದ್ಯಾಲಯಗಳು ಅವರನ್ನು ಕರೆಯಲಿಲ್ಲ. ಕರೆದದ್ದು ಇಟ್ಟಾ ಬೆನಾ ಎಂಬ ಊರಿನ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ವಿಶ್ವವಿದ್ಯಾಲಯ. ಕಪ್ಪು ವಿದ್ಯಾರ್ಥಿಗಳಿಗಾಗಿಯೇ 1950ರಲ್ಲಿ ಆರಂಭವಾದ ಸಂಸ್ಥೆ ಅದು. ಅದಿರುವ ಡೆಲ್ಟಾ ಸೀಮೆ ನಮ್ಮ ರಾಯಚೂರು, ಸಿರುಗುಪ್ಪಗಳ ಎರೆಭೂಮಿಯಂತೆಯೇ ಹತ್ತಿಯ ನಾಡು. ಕಣ್ಣು ಹಾಯುವವರೆಗೂ ಸಪಾಟು ಹೊಲ, ಬಿರುಬೇಸಿಗೆ, ಬಡತನ. ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ಹುಟ್ಟಿದ್ದೂ ಅದೇ ಊರಿನ ಹತ್ತಿರ. ಮಿಷಿಗನ್ನಿನ ಲಕ್ಷ ಆಸನಗಳ ಮುಂದೆ ಇಲ್ಲಿಯ ಮೈದಾನದಲ್ಲಿ ಸುಮಾರು ಹತ್ತು ಸಾವಿರ ಜನ ಕೂರಬಹುದಷ್ಟೆ. ಆಡುತ್ತಿದ್ದುದು ಕೂಡ ಮೊದಲ ದರ್ಜೆಯ ದೊಡ್ಡ ಕಾಲೇಜುಗಳ ಕೆಳಗಿನ ಶ್ರೇಣಿಯಲ್ಲಿ.

ಅಲ್ಲಿ ಇಬ್ಬರು ರೈಸ್ ಅವರಿಗೆ ಜೊತೆಯಾದರು. ಒಬ್ಬರು ತರಬೇತುದಾರ ಆರ್ಚಿ ಕೂಲಿ, ಇನ್ನೊಬ್ಬರು ಚೆಂಡನ್ನು ಎಸೆಯುವ ವಿಲ್ಲಿ ಟಾಟನ್. ಚೆಂಡನ್ನು ಹಿಡಿದುಕೊಂಡು ನೆಲದ ಮೇಲೆ ನುಗ್ಗುವುದೇ ಮುಖ್ಯವೆನ್ನುವವರು ಹೆಚ್ಚಿದ್ದ ಕಾಲದಲ್ಲಿ ಕೂಲಿ ಅವರು ಆಟವನ್ನು ಗಾಳಿಗೆ ಒಯ್ದರು. ನಾಲ್ಕು ಜನ ರಿಸೀವರ್‌ಗಳನ್ನು ಒಂದೇ ಬದಿಯಲ್ಲಿ ಒಬ್ಬರ ಹಿಂದೊಬ್ಬರನ್ನು ನಿಲ್ಲಿಸಿ, ಯಾರು ಯಾವ ಕಡೆ ಓಡುತ್ತಾರೆಂದು ಎದುರಾಳಿಗೆ ತಿಳಿಯದಂತೆ ಮಾಡುತ್ತಿದ್ದರು. ಪ್ರಯತ್ನಗಳ ನಡುವೆ ಗುಂಪುಗೂಡಿ ಮಾತನಾಡುವ ವಾಡಿಕೆಯನ್ನೂ ಬಿಟ್ಟು, ಎದುರಾಳಿ ಉಸಿರು ತೆಗೆದುಕೊಳ್ಳುವ ಮೊದಲೇ ಮುಂದಿನ ಚೆಂಡು ಎಸೆಯಿಸುತ್ತಿದ್ದರು. ಜಗತ್ತಿನಲ್ಲಿ ಇವನು ಹಿಡಿಯಲಾರದ ಚೆಂಡೇ ಇಲ್ಲವೆಂದು ರೈಸ್ ಅವರಿಗೆ ಕಾಲೇಜಿನಲ್ಲಿ ‘ವರ್ಲ್ಡ್’ ಎಂದೇ ಅಡ್ಡಹೆಸರು ಬಿತ್ತು.

ಅಡ್ಡಹೆಸರು ಹಾಗಿರಲಿ, ಅಡ್ಡಹೆಸರುಗಳು ನಮ್ಮಲ್ಲಿಯೂ ಬೇಕಾದಷ್ಟಿವೆ. ನಾನು ತೋರಿಸಬೇಕೆಂದಿರುವುದು ಅಂಕಿಗಳನ್ನು. 1981ರಲ್ಲಿ 30 ಚೆಂಡು ಹಿಡಿದು ತಂಡವನ್ನು ಮುಂದೆ ಒಯ್ದದ್ದು 428 ಗಜ. 1982ರಲ್ಲಿ 66 ಚೆಂಡು, 1,133 ಗಜ. 1983ರಲ್ಲಿ 102 ಚೆಂಡು, 1,450 ಗಜ, ಅದರಲ್ಲಿ ಸದರ್ನ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಪಂದ್ಯದಲ್ಲಿ 24 ಚೆಂಡು. 1984ರಲ್ಲಿ 103 ಚೆಂಡು, 1,682 ಗಜ, 27 ಟಚ್‌ಡೌನ್. ನಾಲ್ಕು ವರ್ಷಗಳ ಮೊತ್ತ 301 ಚೆಂಡು, 4,693 ಗಜ, 50 ಟಚ್‌ಡೌನ್. ಕೂಡಿಸಿ ನೋಡಿದೆ, ಲೆಕ್ಕ ಸರಿಯಾಗಿದೆ. ಹತ್ತಿ ಹೊಲಗಳ ನಡುವಿನ ಒಂದು ಸಣ್ಣ ಕಾಲೇಜಿನಲ್ಲಿ, ನಲವತ್ತು ವರ್ಷಗಳ ಹಿಂದೆ, ಕಂಪ್ಯೂಟರ್ ಇನ್ನೂ ಮನೆಮಾತಾಗದ ಕಾಲದಲ್ಲಿ, ಪ್ರತಿ ಶನಿವಾರ ಯಾರೋ ಒಬ್ಬರು ಮೈದಾನದ ಅಂಚಿನಲ್ಲಿ ಕುಳಿತು ಈ ಹುಡುಗ ಹಿಡಿದ ಪ್ರತಿಯೊಂದು ಚೆಂಡನ್ನೂ, ಅದರಿಂದ ಬಂದ ಪ್ರತಿಯೊಂದು ಗಜವನ್ನೂ ಕಾಗದದ ಮೇಲೆ ಬರೆದಿಟ್ಟಿದ್ದಾರೆ. ಅಲ್ಲಿನ ಕಾಲೇಜುಗಳಲ್ಲಿ ಇದಕ್ಕೆಂದೇ ಕ್ರೀಡಾ ಮಾಹಿತಿ ಅಧಿಕಾರಿಗಳಿರುತ್ತಾರೆ. ಪಂದ್ಯ ಮುಗಿದ ಮೇಲೆ ಆ ಹಾಳೆ ಪತ್ರಿಕೆಗಳಿಗೆ ಹೋಗುತ್ತದೆ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘಕ್ಕೂ ಹೋಗುತ್ತದೆ. ಪತ್ರಿಕೆಗಳು ಅದನ್ನು ಸಣ್ಣ ಅಕ್ಷರಗಳಲ್ಲಿ, ಚೌಕದೊಳಗೆ, ಒಂದು ಸಾಲೂ ವರ್ಣನೆಯಿಲ್ಲದೆ ಅಚ್ಚು ಹಾಕುತ್ತವೆ: ಹೆಸರು, ಹಿಡಿದ ಚೆಂಡು, ಗಜ, ಟಚ್‌ಡೌನ್.

1984ರ ಆ ಋತುವಿನಲ್ಲಿ ವ್ಯಾಲಿ ತಂಡ ಪಂದ್ಯವೊಂದಕ್ಕೆ ಸರಾಸರಿ ಅರವತ್ತಕ್ಕೂ ಹೆಚ್ಚು ಅಂಕ ಗಳಿಸಿತು. ಸೋಲೇ ಕಾಣದ ಎರಡು ಕಪ್ಪು ಕಾಲೇಜುಗಳಾದ ವ್ಯಾಲಿ ಮತ್ತು ಆಲ್ಕಾರ್ನ್ ಸ್ಟೇಟ್ ಜಾಕ್ಸನ್ ನಗರದಲ್ಲಿ ಎದುರಾದಾಗ ಅರವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅಂದು ವ್ಯಾಲಿ 42–28ರಿಂದ ಸೋತಿತು. ಮುಂದೆ ನಾಕೌಟ್ ಹಂತದ ಮೊದಲ ಪಂದ್ಯದಲ್ಲಿಯೇ ಲೂಯಿಸಿಯಾನ ಟೆಕ್ ವಿರುದ್ಧ 66–19ರಿಂದ ಮಣ್ಣುಮುಕ್ಕಿತು. ಅಂದರೆ ರೈಸ್ ಅವರ ಕಾಲೇಜು ಜೀವನ ಮುಗಿದದ್ದು ಕಪ್ ಎತ್ತಿ ಅಲ್ಲ. ನಮ್ಮ ವರದಿಯ ಪದ್ಧತಿಯಲ್ಲಾಗಿದ್ದರೆ ‘ಲೂಯಿಸಿಯಾನ ಟೆಕ್ ತಂಡಕ್ಕೆ ಭರ್ಜರಿ ಜಯ’ ಎಂದು ಮೂರು ಸಾಲು ಬಂದು, ಸೋತ ತಂಡದ ರಿಸೀವರ್ ಯಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಆದರೆ ಬರೆದಿಟ್ಟ ಅಂಕಿಗಳು ತಂಡ ಸೋತ ಮೇಲೂ ಉಳಿದಿದ್ದವು. ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಕೆಳಗಿನ ಶ್ರೇಣಿಯ ಈ ಹುಡುಗ ಒಂಬತ್ತನೆಯ ಸ್ಥಾನ ಪಡೆದರು. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಎಂಬ ವೃತ್ತಿಪರ ತಂಡದ ತರಬೇತುದಾರ ಬಿಲ್ ವಾಲ್ಷ್ ಅದೇ ಋತುವಿನಲ್ಲಿ ಪಂದ್ಯಕ್ಕೆಂದು ಹ್ಯೂಸ್ಟನ್‌ಗೆ ಹೋಗಿದ್ದಾಗ, ರಾತ್ರಿ ಹೋಟೆಲ್ ಕೋಣೆಯ ಟಿ.ವಿ.ಯಲ್ಲಿ ರೈಸ್ ಆಟದ ತುಣುಕುಗಳನ್ನು ಕಂಡು ಮನಸೋತರೆಂಬುದು ಪ್ರಸಿದ್ಧವಾದ ಮಾತು. ಅಲ್ಲಿ ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಗೆದ್ದವರಿಗೆ ಕೊನೆಯ ಸರದಿ. 1985ರಲ್ಲಿ ಚಾಂಪಿಯನ್ ಆಗಿದ್ದ ವಾಲ್ಷ್ ಅವರ ತಂಡಕ್ಕೆ ಸಿಗಬೇಕಿದ್ದುದು 28ನೆಯ ಸರದಿ. ಅವರು ನ್ಯೂ ಇಂಗ್ಲೆಂಡ್ ತಂಡಕ್ಕೆ ತಮ್ಮ ಬೇರೆ ಸರದಿಗಳನ್ನೂ ಸೇರಿಸಿ ಕೊಟ್ಟು 16ನೆಯ ಸರದಿಯನ್ನು ಕೊಂಡು ರೈಸ್ ಅವರನ್ನು ಆರಿಸಿದರು. ಆ ವರ್ಷ ಅವರಿಗಿಂತ ಮುಂಚೆಯೇ ಆಲ್ ಟೂನ್, ಎಡ್ಡಿ ಬ್ರೌನ್ ಎಂಬ ಇಬ್ಬರು ರಿಸೀವರ್‌ಗಳು ಆಯ್ಕೆಯಾಗಿದ್ದರು. ನಲವತ್ತು ಗಜದ ಓಟದಲ್ಲಿ ರೈಸ್ ಅವರಿಗಿಂತ ಚುರುಕಾದವರು ಹಲವರಿದ್ದರೆಂಬುದೇ ಅನುಮಾನಕ್ಕೆ ಕಾರಣವಾಗಿತ್ತು. ಒಂದು ಅಂಕಿ ಅನುಮಾನ ಹುಟ್ಟಿಸಿತು, ಇನ್ನೊಂದು ಅಂಕಿ ಅದನ್ನು ತಿದ್ದಿತು. ಅಂಕಿಗಳೇ ಇಲ್ಲದ ಕಡೆ ಅನುಮಾನಕ್ಕೂ ಅವಕಾಶವಿಲ್ಲ, ಆಯ್ಕೆಗೂ ಇಲ್ಲ.

ವೃತ್ತಿಜೀವನದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಅದು ಎಲ್ಲೆಡೆಯೂ ಸಿಗುತ್ತದೆ. ಮೊದಲ ವರ್ಷ ರೈಸ್ ಚೆಂಡುಗಳನ್ನು ಕೈಬಿಟ್ಟರು, ತಮ್ಮದೇ ತಂಡದ ಪ್ರೇಕ್ಷಕರಿಂದ ಛೀಮಾರಿ ಕೇಳಿದರು. ಹೊಸಬರ ಪ್ರಶಸ್ತಿ ಎಡ್ಡಿ ಬ್ರೌನ್ ಪಾಲಾಯಿತು. ಎರಡನೆಯ ವರ್ಷದಿಂದ ಹಿಂತಿರುಗಿ ನೋಡಿದ್ದಿಲ್ಲ. 1987ರಲ್ಲಿ ಹನ್ನೆರಡೇ ಪಂದ್ಯಗಳಲ್ಲಿ 22 ಟಚ್‌ಡೌನ್ ಚೆಂಡುಗಳನ್ನು ಹಿಡಿದರು. 1989ರ ಜನವರಿಯಲ್ಲಿ, ವೃತ್ತಿಪರ ತಂಡಗಳ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ 11 ಚೆಂಡು, 215 ಗಜ ಗಳಿಸಿ ಪಂದ್ಯಶ್ರೇಷ್ಠರಾದರು. ಮೂರು ಸಲ ಚಾಂಪಿಯನ್ ತಂಡದಲ್ಲಿದ್ದರು. ನಲವತ್ತು ತುಂಬಿದ 2002ರ ಋತುವಿನಲ್ಲಿಯೂ ಓಕ್ಲೆಂಡ್ ತಂಡದ ಪರ 92 ಚೆಂಡು ಹಿಡಿದು ಮತ್ತೊಮ್ಮೆ ಸೂಪರ್ ಬೌಲ್ ತಲುಪಿದರು. ಇಪ್ಪತ್ತು ಋತುಗಳ ಮೊತ್ತ 1,549 ಚೆಂಡು, 22,895 ಗಜ. ನಮ್ಮ ಲೆಕ್ಕದಲ್ಲಿ ಸುಮಾರು 21 ಕಿಲೊಮೀಟರ್. ಅಷ್ಟು ದೂರವನ್ನೂ ಬೀಳಿಸಲು ಬೆನ್ನು ಹತ್ತಿದವರ ಕೈಯಿಂದ ಜಾರುತ್ತ ಗಳಿಸಿದ್ದು. ಎರಡನೆಯ ಸ್ಥಾನದಲ್ಲಿರುವ ಲ್ಯಾರಿ ಫಿಟ್ಜ್‌ಜೆರಾಲ್ಡ್ ಅವರದು 17,492 ಗಜ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಗುಡ್ಡವೊಂದರ ಏರುದಾರಿಯಲ್ಲಿ ಅವರು ಮಾಡುತ್ತಿದ್ದ ಓಟದ ಅಭ್ಯಾಸಕ್ಕೆ ಜೊತೆಯಾಗಲು ಬಂದ ಅನೇಕ ಆಟಗಾರರು ಅರ್ಧಕ್ಕೇ ಕುಸಿಯುತ್ತಿದ್ದರಂತೆ.

ಅಲ್ಲಿಯದೆಲ್ಲ ಚೆನ್ನ ಎಂದು ಹೇಳುವ ಹಂಬಲ ನನಗಿಲ್ಲ. ಕಾಲೇಜಿನಲ್ಲಿ ಆ ಆಟ ಆಡುವವರಲ್ಲಿ ನೂರಕ್ಕೆ ಇಬ್ಬರೂ ವೃತ್ತಿಪರ ತಂಡ ಸೇರಲಾರರು. ವಿದ್ಯಾರ್ಥಿವೇತನದ ಹೊರತಾಗಿ ಆಟಗಾರರು ತಮ್ಮ ಹೆಸರಿನಿಂದ ಹಣ ಸಂಪಾದಿಸಲು ಅನುಮತಿ ಸಿಕ್ಕಿದ್ದೇ 2021ರಲ್ಲಿ. ಅಲ್ಲಿಯವರೆಗೆ ಹುಡುಗರ ಬೆವರಿನಿಂದ ದೊಡ್ಡ ವಿಶ್ವವಿದ್ಯಾಲಯಗಳು ಕೋಟಿಗಟ್ಟಲೆ ಗಳಿಸುತ್ತಿದ್ದವು. ರೈಸ್ ಅವರಿಗೆ ಚೆಂಡೆಸೆದ ಟಾಟನ್ ಅವರ ಆಟ, ರೈಸ್ ಆಡಿದ ವೃತ್ತಿಪರ ಲೀಗಿನಲ್ಲಿ, 1987ರಲ್ಲಿ ಬಫಲೊ ತಂಡದ ಕೆಲವೇ ಪಂದ್ಯಗಳಿಗೆ ಮುಗಿಯಿತು. ಆದರೂ ಅವರು ಮುಂದೆ ತಮ್ಮ ಕಾಲೇಜಿಗೇ ಮುಖ್ಯ ತರಬೇತುದಾರರಾಗಿ ಮರಳಿದರು, ಮತ್ತು ಇಟ್ಟಾ ಬೆನಾದ ಆ ಕ್ರೀಡಾಂಗಣಕ್ಕೆ ಇಂದು ಇರುವ ಹೆಸರು ರೈಸ್–ಟಾಟನ್ ಕ್ರೀಡಾಂಗಣ. ಹಿಡಿದವನ ಜೊತೆಗೆ ಎಸೆದವನ ಲೆಕ್ಕವೂ ಇದ್ದುದರಿಂದಲೇ ಅದು ಸಾಧ್ಯವಾಯಿತೆಂದು ನನ್ನ ಭಾವನೆ.

ಈಗ ನಮ್ಮ ಸೀಮೆಗೆ ಬರುತ್ತೇನೆ. ನಮ್ಮಲ್ಲಿ ಯಾರೂ ಬರೆಯುವುದೇ ಇಲ್ಲವೆಂದಲ್ಲ. ಕಬಡ್ಡಿ ಪಂದ್ಯ ನಡೆದರೆ ಮೇಜಿನ ಮುಂದೆ ಕುಳಿತ ಸ್ಕೋರರ್ ಪ್ರತಿ ರೈಡನ್ನೂ ಹಾಳೆಯಲ್ಲಿ ಗುರುತು ಮಾಡುತ್ತಾರೆ; ಖೊಖೊದಲ್ಲಿ ಯಾರು ಎಷ್ಟು ನಿಮಿಷ ಉಳಿದರು, ಯಾರು ಯಾರನ್ನು ಔಟ್ ಮಾಡಿದರು ಎಂಬುದಿರುತ್ತದೆ; ಓಟಕ್ಕೆ ಮೂರು ಸ್ಟಾಪ್‌ವಾಚ್‌ಗಳು, ಜಿಗಿತಕ್ಕೆ ಟೇಪು ಇದ್ದೇ ಇರುತ್ತವೆ. ಆದರೆ ಪ್ರಮಾಣಪತ್ರದಲ್ಲಿ ಪ್ರಥಮ, ದ್ವಿತೀಯ ಎಂದು ಬರೆದು ಮುಗಿದ ಮೇಲೆ ಆ ಹಾಳೆಗಳು ರದ್ದಿಗೆ ಹೋಗುತ್ತವೆ. ನಾನೇ ನನ್ನ ಕಣ್ಣಾರೆ ಒಂದು ಕೂಟದ ಸ್ಕೋರ್ ಹಾಳೆಗಳಲ್ಲಿ ಮಿರ್ಚಿ ಕಟ್ಟಿಕೊಟ್ಟದ್ದನ್ನು ಕಂಡಿದ್ದೇನೆ, ಮರುದಿನವೇ. ಹೀಗಾಗಿ ಕಳೆದ ವರ್ಷ ಗೆದ್ದ ಹುಡುಗನಿಗಿಂತ ಈ ವರ್ಷದವನು ಚುರುಕೋ ನಿಧಾನವೋ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ ಆರಂಭವಾಯಿತು. ಮುಂದೆ ರಾಯಚೂರು, ಕೊಪ್ಪಳಗಳಿಗೂ ತಮ್ಮದೇ ವಿಶ್ವವಿದ್ಯಾಲಯಗಳು ಬಂದವು. ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ 2018ರಿಂದ ದೊಡ್ಡ ಕ್ರೀಡಾ ತರಬೇತಿ ಸಂಸ್ಥೆಯೊಂದು ನಡೆಯುತ್ತಿದೆ, ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಅಲ್ಲಿ ಅಭ್ಯಾಸ ಮಾಡಿದ್ದಾರೆ. ಅಲ್ಲಿಯ ತರಬೇತುದಾರರೊಬ್ಬರು ಸಿಂಧನೂರಿನ ಅಥವಾ ಕುಷ್ಟಗಿಯ ಹುಡುಗಿಯನ್ನು ಆರಿಸಬೇಕೆಂದರೆ, ಪ್ರತಿ ತಾಲ್ಲೂಕಿನ ಮೈದಾನಕ್ಕೂ ಹೋಗಿ ನಿಲ್ಲಲಾರರು. ಅವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಒಂದು ಸಂಖ್ಯೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಅಂತರ ಕಾಲೇಜು ಮತ್ತು ತಾಲ್ಲೂಕು ಕೂಟಗಳ ಸುದ್ದಿ ಬಂದಾಗ ಗಣ್ಯರ ಹೆಸರುಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿ, ಆ ಜಾಗದಲ್ಲಿ ಮೊದಲ ಮೂವರ ಹೆಸರು, ಊರು, ತರಗತಿ, ಸಮಯ ಅಥವಾ ದೂರವನ್ನು ಪ್ರಕಟಿಸಬೇಕು. ಅಂಕಿಗಳಿಲ್ಲದೆ ಬಂದ ವರದಿಯನ್ನು ಕಳುಹಿಸಿದವರಿಗೇ ಹಿಂದಿರುಗಿಸಿ ಕೇಳಬೇಕು. ಪತ್ರಿಕೆ ಕೇಳತೊಡಗಿದರೆ ಕಾಲೇಜುಗಳು ಬರೆದಿಡತೊಡಗುತ್ತವೆ. ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನ ಸಮಯ ನಿಖರವಲ್ಲ ಎಂಬ ಆಕ್ಷೇಪ ಬರುತ್ತದೆ, ನನಗೆ ಗೊತ್ತು. ಕೈಯಿಂದ ಅಳೆದ ಸಮಯವೆಂದು ಪಕ್ಕದಲ್ಲಿ ಗುರುತು ಹಾಕಿದರೆ ಸಾಕು, ಬಲ್ಲವರು ಸುಮಾರು ಕಾಲು ಸೆಕೆಂಡು ಸೇರಿಸಿಕೊಂಡು ಓದುತ್ತಾರೆ. ಜಾಗದ ಅಭಾವವೆಂಬ ಮಾತೂ ಬರಬಹುದು. ಕೃಷಿ ಮಾರುಕಟ್ಟೆಯ ಧಾರಣೆಯನ್ನು ತಾವು ದಿನವೂ ಅಂಗೈಯಗಲದ ಚೌಕದಲ್ಲಿ ಕೊಡುತ್ತೀರಿ, ರಾಯಚೂರಿನ ಹತ್ತಿಯ ಕನಿಷ್ಠ ಮತ್ತು ಗರಿಷ್ಠ ದರ ಎರಡೂ ಅದರಲ್ಲಿರುತ್ತವೆ. ಅದೇ ಅಳತೆಯ ಇನ್ನೊಂದು ಚೌಕವನ್ನು, ವಾರಕ್ಕೊಮ್ಮೆ ಕೊಟ್ಟರೂ ಆದೀತು.

ಆ ಹುಡುಗನ ಪ್ರಸಂಗವಾದ ಮೇಲೆ, ನಿವೃತ್ತಿಯಾಗುವವರೆಗಿನ ಹನ್ನೊಂದು ವರ್ಷಗಳ ತಾಲ್ಲೂಕು ಕ್ರೀಡಾಕೂಟಗಳ ಸಮಯ ಮತ್ತು ದೂರಗಳನ್ನು ನಾನು ಮೂರು ಲಾಂಗ್ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟಿದ್ದೇನೆ. ಎರಡು ವರ್ಷದ ಪುಟಗಳಿಗೆ ಗೆದ್ದಲು ಹಿಡಿದಿದೆ, ಉಳಿದವು ಚೆನ್ನಾಗಿವೆ. ತಮ್ಮ ಪತ್ರಿಕೆಗೆ ಉಪಯೋಗವಾಗುವುದಾದರೆ, ತಿಳಿಸಿದ ದಿನ ಬೆಳಿಗ್ಗೆಯ ಬಸ್ಸಿಗೆ ಬಳ್ಳಾರಿಯ ಕಚೇರಿಗೆ ತಂದು ತೋರಿಸುತ್ತೇನೆ. ನಕಲು ಮಾಡಿಕೊಂಡು ಮೂಲವನ್ನು ಮಾತ್ರ ಹಿಂದಿರುಗಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಸಿರುಗುಪ್ಪ, ಬಳ್ಳಾರಿ ಜಿಲ್ಲೆ